ಸುಮಿತ್ರಾ ಅತ್ತೆ ಹತ್ತಿದ ಮೆಟ್ಟಿಲು

ಆಸರೆಗೆಂದು ಯಾರಾದರೂ ರಟ್ಟೆ ಹಿಡಿದರೆ ಸಾಕು, ಸುಮಿತ್ರಾ ಅತ್ತೆ ಕೊಡವಿಬಿಡುತ್ತಿದ್ದರು. "ನನಗೇನಾಗೇದೋ? ಕೈ ಬಿಡು!" ಮಂಡಿಗಳೆರಡೂ ಸವೆದು, ಕಾರಿನಿಂದ ಬಾಗಿಲವರೆಗೆ ನಡೆಯುವುದೇ ದೊಡ್ಡ ಯಾತ್ರೆಯಾಗಿತ್ತು. ಆದರೂ ಕೊಡವುವ ಶಕ್ತಿಗೇನೂ ಕಡಿಮೆಯಿರಲಿಲ್ಲ.

ಅವರು ನನ್ನ ತಂದೆಯ ತಂಗಿ. ಧಾರವಾಡದಿಂದ ನರ್ಸಾಗಿ ಆಕ್ಲೆಂಡಿಗೆ ಬಂದವರು ಮದುವೆಯಾಗಲಿಲ್ಲ. ನಿವೃತ್ತಿಯ ಮೇಲೆ ಅದೇ ಊರಿನ ಹೆಂಡರ್ಸನ್ ಬಡಾವಣೆಯಲ್ಲಿ ಒಬ್ಬರೇ ಇದ್ದರು. ಬದುಕಿಡೀ ಬೇರೆಯವರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ್ದ ಅವರಿಗೆ ತನ್ನನ್ನು ಮಾತ್ರ ಯಾರೂ ಎಬ್ಬಿಸಬಾರದೆಂಬ ಹಟ. ಅಲ್ಲಿಂದ ದಿನದ ದಾರಿಯಾದ ಪಾಮರ್ಸ್ಟನ್ ನಾರ್ತಿನ ನಮ್ಮ ಮನೆಗೇ ಬಂದುಬಿಡು ಎಂದರೆ, "ನಿಮ್ಮೂರಾಗ ಗಾಳಿ ಭಾಳ" ಎಂದು ಮಾತು ಮುಗಿಸುತ್ತಿದ್ದರು.

ಹೋದ ಬೇಸಿಗೆಯಲ್ಲಿ ನಾಲ್ಕು ದಿನ ಇರಲು ಬಂದಿದ್ದಾಗ, ಊರಾಚೆಯ ಹಳೆಯ ಬಂಗಲೆಯೊಂದನ್ನು ನೋಡಬೇಕೆಂದರು. ಹಿಂದೆ ಕುರಿ ಸಾಕಿ ಸಾಹುಕಾರರಾದವರ ಮನೆ. ಸುತ್ತ ಗುಲಾಬಿ ತೋಟ. ಹೆಂಡತಿ, ಮಗಳನ್ನೂ ಕರೆದುಕೊಂಡು ಹೊರಟೆವು. ಟಿಕೆಟ್ ಕೊಡುವಾಕೆ ಅತ್ತೆಯನ್ನು ನೋಡಿದ್ದೇ ಗಾಲಿಕುರ್ಚಿ ತಂದಳು, ತೋಟವನ್ನೆಲ್ಲ ಸುತ್ತಬಹುದೆಂದಳು. ಅತ್ತೆ "ನೋ ಥ್ಯಾಂಕ್ಸ್" ಎಂದವರೇ ಸೀದಾ ಬಂಗಲೆಯ ಒಳಗೆ ನಡೆದರು. ಮಹಡಿಗಿದ್ದದ್ದು ಒಬ್ಬರೇ ಹತ್ತುವಷ್ಟು ಕಿರಿದಾದ ಮರದ ಮೆಟ್ಟಿಲು.

"ಅತ್ತಿ, ಬ್ಯಾಡ. ತ್ವಾಟ ನೋಡೂಣು ಬಾ."

"ತ್ವಾಟ ಮ್ಯಾಲಿಂದನ ನೋಡಬೇಕೋ. ಸರಿ ಅತ್ಲಾಗ."

ಅರ್ಧದಲ್ಲಿ ಮಂಡಿ ಹಿಡಿದುಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಹಿಂದೆ ಜನ ಸಾಲುಗಟ್ಟಿದರು. "ಡ್ಯಾಡ್, ಎವ್ರಿಒನ್ ಈಸ್ ವೇಟಿಂಗ್" ಎಂದು ಮಗಳು ನನ್ನ ಅಂಗಿ ಜಗ್ಗಿದಳು. ಮನೆ ತೋರಿಸುವ ಮುದುಕ ಕೈ ನೀಡಿದರೆ ಅವನಿಗೂ ಅದೇ ಕೊಡವುವಿಕೆ. ಕೊನೆಗೆ ಅತ್ತೆ ತಿರುಗಿ ಮೆಟ್ಟಿಲ ಮೇಲೆ ಕೂತರು. ಅಂಗೈ ಊರಿ, ಕೂತಲ್ಲಿಂದಲೇ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಏರತೊಡಗಿದರು. ಏರುವಾಗೆಲ್ಲ ಎದುರಿನ ಸಾಲಿಗೆ ನಗುನಗುತ್ತ "ಸಾರಿ, ಸಾರಿ." ನಾನು ತಲೆ ಎತ್ತಲಿಲ್ಲ.

ಮೇಲಿನ ಕೋಣೆಯ ಕಿಟಕಿ ಪರದೆಗಳೆಲ್ಲ ಮುಚ್ಚಿದ್ದವು! ಗೋಡೆಗೆ ಅಂಟಿಸಿದ ಹಳೆಯ ಚಿತ್ತಾರದ ಕಾಗದ ಬಿಸಿಲಿಗೆ ಬಣ್ಣಗೆಡುತ್ತದೆ, ತೆರೆಯುವಂತಿಲ್ಲ ಎಂದ ಮುದುಕ. ಅತ್ತೆ ಆ ಮಬ್ಬಿನಲ್ಲಿ ಸುಮಾರು ಹೊತ್ತು ಉಸಿರು ಸುಧಾರಿಸಿಕೊಂಡರು. ಮತ್ತೆ ಹಾಗೆಯೇ ಕೂತು ಇಳಿದರು. ಅಷ್ಟರಲ್ಲಿ ತೋಟದ ಗೇಟು ಹಾಕಿಯಾಗಿತ್ತು.

ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಆ ಕುರ್ಚ್ಯಾಗ ಕೂತಿದ್ರ ಗುಲಾಬಿನಾದ್ರೂ ಕಾಣತಿದ್ವು. ಈಗ ಏನ್ ಸಿಕ್ತು ನಿನಗ?"

"ನೀ ತಳ್ಳಿದ ಕಡೆ ಹೋಗಿ, ನೀ ನಿಲ್ಲಿಸಿದಲ್ಲಿ ನೋಡೂದು ನನಗ ಒಗ್ಗೂದಿಲ್ಲೋ. ಮತ್ತೊಮ್ಮೆ ಬಂದ್ರಾತು."

"ನಾ ಅಂತೂ ಬರೂದಿಲ್ಲ" ಎಂದೆ.

ಚಳಿಗಾಲದ ಒಂದು ಬೆಳಿಗ್ಗೆ ಆಕ್ಲೆಂಡಿನ ಆಸ್ಪತ್ರೆಯಿಂದ ಫೋನ್ ಬಂತು. ಅತ್ತೆಗೆ ಎದೆನೋವು, ತಾವೇ ಆಂಬುಲೆನ್ಸ್ ಕರೆಸಿದ್ದರು. ತಕ್ಷಣ ಹೊರಟೆವು. ದಾರಿಯಲ್ಲಿ ಹ್ಯಾಮಿಲ್ಟನ್ ದಾಟುವಷ್ಟರಲ್ಲಿ ಎರಡನೆಯ ಫೋನ್ ಬಂತು: ಅತ್ತೆ ಹೋಗಿಬಿಟ್ಟಿದ್ದರು.

ಸ್ಟ್ರೆಚರ್ ಬೇಡವೆಂದು, ಮನೆಗೆ ಬೀಗ ಹಾಕಿ, ನಡೆದೇ ಆಂಬುಲೆನ್ಸ್ ಹತ್ತಿದರಂತೆ. ಅದನ್ನು ಹೇಳಿದ ಆಸ್ಪತ್ರೆಯ ನರ್ಸ್ ಮೇಲೆ ರೇಗಿ, "ನೀವ್ಯಾಕೆ ನಡೆಯೋಕೆ ಬಿಟ್ರಿ?" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಅವಳು ಅತ್ತೆಯ ಕೋಟನ್ನು ನನ್ನ ಕೈಗಿತ್ತಳು. ಜೇಬಿನಲ್ಲಿ ಬೀಗದ ಕೈ ಇತ್ತು.

ಇದ್ದಾಗ ಅದನ್ನು ಯಾರಿಗೂ ಕೊಟ್ಟವರಲ್ಲ. ಅಂದು ಅವರ ಬಾಗಿಲನ್ನು ನಾನೇ ತೆಗೆದೆ. ಬೇಡ ಎನ್ನಲು ಒಳಗೆ ಯಾರೂ ಇರಲಿಲ್ಲ.