ದಿಲ್ಲಿಗೆ ಎಷ್ಟು ಬುತ್ತಿ?

ಯಾವ ಊರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಮೈಲಿಯಲ್ಲ, ರೊಟ್ಟಿ. ತಪ್ಪು ನನ್ನದಲ್ಲ. ಟಿಕೋಟಾದ ನಮ್ಮ ಮನೆಯಲ್ಲಿ ಅವ್ವ ಲೋಕವನ್ನೆಲ್ಲ ಬುತ್ತಿಯಿಂದಲೇ ಅಳೆಯುತ್ತಿದ್ದಳು. ಹೊನವಾಡಕ್ಕೆ ಬುತ್ತಿ ಬೇಡ, ಉಂಡು ಹೊರಟರಾಯಿತು. ಬಬಲೇಶ್ವರಕ್ಕೆ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ. ಪಂಢರಪುರಕ್ಕೆ ದೊಡ್ಡ ಗಂಟು. ದಿಲ್ಲಿಗೆ ಮಾತ್ರ ಬುಟ್ಟಿ ತುಂಬ ಖಡಕ್ ರೊಟ್ಟಿ. ಆ ಬುಟ್ಟಿ ಕಂಡರೆ ಅವ್ವನ ಎದೆ ಧಸಕ್ಕೆನ್ನುತ್ತಿತ್ತು, ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ.

ಸ್ವಾತಂತ್ರ್ಯ ಬಂದ ಮರುವರ್ಷ. ಅಕ್ಕನ ಚೊಚ್ಚಲ ಬಾಣಂತನ ಮುಗಿದಿತ್ತು. ಭಾವ ಕರೆದೊಯ್ಯಲು ಬಂದಿದ್ದರು. ಅವ್ವ ಕೂಸನ್ನು ತೊಡೆಯಿಂದ ಇಳಿಸಲೊಲ್ಲಳು.

"ಎಳೀ ಕೂಸು, ಅಷ್ಟು ದೂರ ರೈಲಿನ್ಯಾಗ ಹೆಂಗ ತಡದೀತು? ನಾ ಕಳಸೂದಿಲ್ಲ ನೋಡ್ರಿ" ಎಂದು ಅಳಿಯನಿಗೇ ಹೇಳಿಬಿಟ್ಟಳು.

ಭಾವ ಮೆಲ್ಲಗೆ, "ಮುಂಬಯಿಯಿಂದ ವಿಮಾನದಾಗ ಹೊಂಟೇವ್ರಿ. ಕಂಪನಿಯವ್ರು ಟಿಕೀಟ ಕೊಟ್ಟಾರ" ಎಂದರು.

ಇಂಥ ಹೊತ್ತಿನಲ್ಲಿ ನಾನು ಸುಮ್ಮನಿರುವವನೇ? ವಿಜಾಪುರದಲ್ಲಿ ಇಂಗ್ಲಿಷ್ ಸಾಲಿ ಕಲಿಯುತ್ತಿದ್ದ ಜಾಣ! ನಕಾಶೆ ಹರವಿ, ಕುಬಸ ಹೊಲಿಯುವ ದಾರವನ್ನು ಮುಂಬಯಿಯಿಂದ ದಿಲ್ಲಿಗೆ ಎಳೆದು ತೋರಿಸಿದೆ.

"ಮುಂಜಾನೆ ಏರಿದ್ರ ಮಧ್ಯಾಹ್ನದ ಊಟಕ್ಕ ದಿಲ್ಲಿ, ಯವ್ವಾ. ನಮ್ಮ ಎತ್ತಿನ ಚಕ್ಕಡಿ ವಿಜಾಪುರ ಮುಟ್ಟೂದ್ರಾಗ ಅಕ್ಕ ಮನ್ಯಾಗ ಇರ್ತಾಳ."

"ನಡುವ ಗುಡ್ಡ, ಹೊಳಿ?"

"ಎಲ್ಲಾ ಕೆಳಗ."

ಅವ್ವ ಬೆಳಕಿಂಡಿಯತ್ತ ಮುಖವೆತ್ತಿದಳು. ಅಲ್ಲೊಂದು ಬಿಳಿ ಮೋಡ ತೇಲುತ್ತಿತ್ತು. ಅದರ ಮೇಲೆ ಕೂಸು ನಿದ್ದೆ ಹೋದಂತೆ ಕಂಡಿತೋ ಏನೋ, ಬಹಳ ಹೊತ್ತು ನೋಡಿ ನಕ್ಕಳು.

"ಹಂಗಾದ್ರ ದಿಲ್ಲಿ ವಿಜಾಪುರದ ಮಗ್ಗಲಕ್ಕ ಬಂತಲ್ಲೋ!"

ಒಪ್ಪಿದಳು. ವಿಚಿತ್ರ ನೋಡಿ, ಟಿಕೋಟಾದಿಂದ ಮುಂಬಯಿ ಮುಟ್ಟಲು ಚಕ್ಕಡಿ, ರೈಲು, ಹೋಟಗಿಯಲ್ಲಿಳಿದು ಮತ್ತೊಂದು ರೈಲು. ಮುಂಬಯಿಗೆ ದಿಲ್ಲಿಯೇ ನಮಗಿಂತ ಹತ್ತಿರ.

ಆದರೆ ಮರುದಿನ ಅವ್ವ ರೊಟ್ಟಿ ಬಡಿಯಲು ಕೂತವಳು ಸಂಜೆಯವರೆಗೂ ಏಳಲೇ ಇಲ್ಲ. ಅದೇ ಹಳೆಯ ಬುಟ್ಟಿ ತುಂಬಿತು.

"ಮುಂಬಯಿ ಮಟ ಒಂದು ಗಂಟು ಸಾಕು. ಮುಂದ ಅರ್ಧ ದಿನದ ದಾರಿಗೆ ಇಷ್ಟು ರೊಟ್ಟಿ ಯಾಕಬೇ?" ಎಂದು ನಕ್ಕೆ.

"ಸುಮ್ನಿರಲೇ ಶ್ಯಾಣ್ಯಾ. ವಿಮಾನಕ್ಕ ಅರ್ಧ ದಿನ. ನಮಗೆಷ್ಟು ಅಂತ ನಿನ್ನ ನಕಾಶ್ಯಾಗ ಬರದಾರೇನು?"

ಅವರು ಹೋದರು. ತೊಲೆಗೆ ಕಟ್ಟಿದ ತೊಟ್ಟಿಲು ಬರಿದಾಯಿತು. ಬಿಚ್ಚಲು ಹೋದರೆ ಅವ್ವ ಗದರಿದಳು, "ಇರ್ಲಿ ಬಿಡು, ಏನ್ ಅವಸರ?" ಹೋಗುತ್ತ ಬರುತ್ತ ಅದನ್ನೊಮ್ಮೆ ತೂಗುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ಎಷ್ಟೋ ದಿನಗಳ ಮೇಲೆ ಅಕ್ಕನ ಕಾಗದ ಬಂತು. ಓದಿ ಹೇಳಿದೆ: "ವಿಮಾನ ಮಧ್ಯಾಹ್ನಕ್ಕೇ ಇಳೀತು. ಕೂಸು ದಾರಿಯುದ್ದಕ್ಕೂ ಮಲಗಿತ್ತು. ನಿನ್ನ ರೊಟ್ಟಿ ಮುಗೀಬಾರದಂತ ದಿನಾ ಒಂದೊಂದೇ ಮುರಕೊಂಡು ತಿಂದೆ. ನಿನ್ನೆ ಮುಗದ್ವು, ಯವ್ವಾ. ಇನ್ನ ಇಲ್ಲೇ ನಮ್ಮ ಮನಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಮುಟ್ಟ್ಯಾಳ ನೋಡು" ಎಂದವಳು ಎದ್ದು, ತಾನೇ ತೊಟ್ಟಿಲು ಬಿಚ್ಚಿ ಅಟ್ಟಕ್ಕೇರಿಸಿದಳು.