ಕಾಫಿ ಕುಡಿದು ಉಗುಳುವ ಮೇಡಂ

ಮೊದಲು ಕೇಳಿಸಿದ್ದು ಅವರ ಗುಟುಕಿನ ಸದ್ದು. ಸುರ್ರ್ ಎಂದು, ಹೊಸ ಬಟ್ಟೆ ಹರಿದ ಹಾಗೆ. ಸಕಲೇಶಪುರದ ಆ ಕಾಫಿ ಕಂಪನಿಯ ವರಾಂಡದಲ್ಲಿ ಕಾಯುತ್ತ ಕೂತಿದ್ದ ನಾನು, ಇಷ್ಟು ದೊಡ್ಡ ಆಫೀಸಿನಲ್ಲಿ ಹೀಗೆ ಸೊರಸೊರ ಕುಡಿಯುವವರು ಯಾರಪ್ಪಾ ಎಂದುಕೊಂಡೆ. ಒಳಗೆ ಕರೆದಾಗ ನೋಡಿದರೆ, ಗರಿಗರಿ ಕಾಟನ್ ಸೀರೆಯ, ಐವತ್ತು ದಾಟಿದ ಹೆಂಗಸು. ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲು. ದುಂಡು ಚಮಚದಲ್ಲಿ ಕಾಫಿ ಎತ್ತಿ, ಗಾಳಿಯ ಸಮೇತ ಎಳೆದು, ಬಾಯಿ ತುಂಬ ಆಡಿಸಿ, ಪಕ್ಕದ ಡಬ್ಬಿಗೆ ಪಿಚಕ್ಕನೆ ಉಗುಳಿ ಮುಂದಿನ ಬಟ್ಟಲಿಗೆ ಹೋಗುತ್ತಿದ್ದರು. ನಮ್ಮಮ್ಮ ನೋಡಿದ್ದರೆ ಕಾಫಿಯ ಮರ್ಯಾದೆ ಹೋಯಿತೆಂದು ಅತ್ತೇಬಿಡುತ್ತಿದ್ದಳು.

ನಾನು ಆಲೂರು ಕಡೆಯವಳು. ತೊಂಬತ್ತರ ದಶಕದ ಕೊನೆ ಅದು. ನಮ್ಮ ಡಿಪ್ಲೊಮಾದ ಕೊನೆಯ ವರ್ಷವಿಡೀ ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿಯಬೇಕಿತ್ತು. ಕಂಪನಿ ಎಂದರೆ ತಿರುಗುವ ಕುರ್ಚಿ, ಕಂಪ್ಯೂಟರು ಎಂದು ಕನಸು ಕಟ್ಟಿಕೊಂಡು, ತಲೆ ತುಂಬ ಮಲ್ಲಿಗೆ ಮುಡಿದು, ಮುಖಕ್ಕೆ ಘಮಘಮಿಸುವ ಪೌಡರ್ ಬಳಿದುಕೊಂಡು ಹೋಗಿದ್ದೆ. ಮೇಡಂ ನನ್ನನ್ನು ಬಾಗಿಲಲ್ಲೇ ತಡೆದರು.

“ಹೂ ಚೆನ್ನಾಗೈತೆ ಕಣೆ. ಸಂಜೆ ಮುಡ್ಕೋ. ಈ ರೂಮಲ್ಲಿ ಮೂಗಿಗೆ ಬೇರೆ ಕೆಲ್ಸ ಐತೆ.”

ಅವರ ಕೆಲಸ ರುಚಿ ನೋಡುವುದು. ಸುತ್ತಲಿನ ಬೆಳೆಗಾರರಿಂದ ಕೊಂಡ ಕಾಫಿಯಲ್ಲಿ ಯಾವುದು ಹೊರದೇಶಕ್ಕೆ ಹೋಗಬೇಕು, ಯಾವುದು ಇಲ್ಲೇ ಉಳಿಯಬೇಕು ಎಂಬುದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಅದಕ್ಕಾಗಿ ಅವರು ಬದುಕನ್ನೇ ಸಪ್ಪೆ ಮಾಡಿಕೊಂಡಿದ್ದರು. ಕೆಲಸದ ದಿನ ಈರುಳ್ಳಿ ಇಲ್ಲ, ಮಸಾಲೆ ಇಲ್ಲ, ಒಗ್ಗರಣೆ ಕಾಣದ ಮೊಸರನ್ನ. “ವಾರವೆಲ್ಲ ನಾಲ್ಗೆ ಕಂಪನಿದು, ಭಾನುವಾರ ಮಾತ್ರ ನಂದು” ಎನ್ನುತ್ತಿದ್ದರು. ಆ ಭಾನುವಾರ ಅವರು ತಿನ್ನುತ್ತಿದ್ದ ಕೋಳಿಸಾರಿನ ಖಾರಕ್ಕೆ ಪಕ್ಕದಲ್ಲಿ ಕೂತವರ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ಸಲ ಹಾನುಬಾಳಿನ ಬೆಳೆಗಾರರೊಬ್ಬರು ಸ್ಯಾಂಪಲ್ ತಂದಿದ್ದರು. ಮೇಡಂ ಗುಟುಕು ಎಳೆದರು, ಉಗುಳಿದರು. “ಯಜಮಾನ್ರೇ, ಇದನ್ನ ಏಲಕ್ಕಿ ಚೀಲಕ್ಕೆ ಹಾಕಿದ್ರಾ?” ಎಂದರು. ಆ ಹಿರಿಯರು ತಲೆ ಕೆರೆದುಕೊಂಡು, “ಹೂಂ ಕಣಮ್ಮ. ಕಂಪನಿಗೆ ಹಳೇ ಚೀಲ ಒಯ್ಯೋದು ಚೆಂದಾಗಿರಲ್ಲ ಅಂತ, ಮನೇಲಿದ್ದ ಒಳ್ಳೇ ಚೀಲನೇ ಹುಡ್ಕಿ ತಂದೆ” ಎಂದರು. ಮೇಡಂ ನಗಲಿಲ್ಲ. “ನಿಮ್ಮನೆಗೆ ಬಂದಾಗ ಇದೇ ಕೊಡಿ, ಖುಷಿಯಾಗಿ ಕುಡೀತೀನಿ. ಕಂಪನಿಗೆ ಇನ್ನೊಂದು ಸ್ಯಾಂಪಲ್ ಕಳ್ಸಿ” ಎಂದರು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ನನಗೆ ಆ ಬಟ್ಟಲಲ್ಲಿ ಕಂಡದ್ದು ಬರೀ ಕಾಫಿ.

ಆದರೂ ಅವರ ಹಿಂದೆ ನಿಂತು ದಿನವೂ ಎಳೆದು, ಉಗುಳಿ, ಬೈಸಿಕೊಂಡು ನನ್ನ ಮೂಗೂ ನಿಧಾನವಾಗಿ ಕಣ್ಣು ಬಿಟ್ಟಿತು. ಆ ವರ್ಷದ ಮಳೆಗಾಲದಲ್ಲಿ ಮೇಡಂ ಕೆಟ್ಟ ಜ್ವರ ಬಂದು ಮಲಗಿದರು. ಎದ್ದು ಬಂದ ವಾರದಲ್ಲೇ ಮದ್ರಾಸಿನಿಂದ ದೊಡ್ಡ ಖರೀದಿದಾರರು ಬರುವವರಿದ್ದರು. ಅವರಿಗೆ ತೋರಿಸಬೇಕಾದ ಕಾಫಿಯನ್ನು ಅವತ್ತು ಬೆಳಿಗ್ಗೆ ನೋಡುತ್ತಿದ್ದೆವು. ಒಂದು ಬಟ್ಟಲಿಗೆ ಬಗ್ಗಿದವಳಿಗೆ ಮುಗ್ಗಲು ವಾಸನೆ ಹೊಡೆಯಿತು, ನೆನೆದ ಗೋಣಿಚೀಲದ್ದು. ಮೇಡಂ ಅದನ್ನೇ ಕುಡಿದು, “ಚೆನ್ನಾಗೈತೆ, ಬರ್ಕೋ” ಎಂದರು.

ನಾನು ಬರೆಯಲಿಲ್ಲ. ನನ್ನ ಮೂಗೇ ತಪ್ಪಿರಬೇಕು ಎಂದುಕೊಂಡೆ.

“ಏನೇ ಅದು?”

“ಏನಿಲ್ಲ ಮೇಡಂ.”

“ಏನಿಲ್ದಿದ್ರೆ ಮುಖ ಹಿಂಗಿರಲ್ಲ. ಹೇಳು.”

“ಮುಗ್ಗಲು ವಾಸ್ನೆ ಬಂದಂಗಾಯ್ತು.”

ಅವರು ಮತ್ತೆ ಕುಡಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ಆಮೇಲೆ ಬಾಗಿಲು ಹಾಕಿ, ಗೋಡೆಗೆ ಮುಖ ಮಾಡಿ ನಿಂತು, “ಆ ಬಟ್ಲನ್ನ ಬೇರೆ ಬಟ್ಲುಗಳ ಮಧ್ಯೆ ಎಲ್ಲಾದ್ರೂ ಇಡು. ನಾನು ಹುಡುಕ್ತೀನಿ” ಎಂದರು. ಇಟ್ಟೆ. ಅವರಿಗೆ ಸಿಗಲಿಲ್ಲ. ಜಾಗ ಬದಲಿಸಿ ಇಟ್ಟೆ. ಆಗಲೂ ಸಿಗಲಿಲ್ಲ. ಚಮಚ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು.

ನನಗೆ ಅಳು ತಡೆಯಲಾಗಲಿಲ್ಲ. ಗಂಡನಿಲ್ಲದೆ ಮನೆ ನಡೆಸುತ್ತಿದ್ದವರು, ರಿಟೈರಾಗಲು ಇನ್ನೂ ಸಮಯವಿತ್ತು, ನಾಲಿಗೆ ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ. “ಮೇಡಂ, ನಾನು ಪಕ್ಕದಲ್ಲೇ ನಿಂತಿರ್ತೀನಿ. ಕೆಟ್ಟದ್ದಿದ್ರೆ ಕಣ್ಣಲ್ಲೇ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ. ಅಷ್ಟರಲ್ಲಿ ವಾಸಿಯಾಗುತ್ತೆ” ಎಂದೆ.

ಅವರು ನನ್ನ ಕೆನ್ನೆ ಒರೆಸಿದರು. “ನೀನು ಒಳ್ಳೇ ಹುಡ್ಗಿ ಕಣೆ. ಆದ್ರೆ ನಾನು ಹೇಳ್ದೆ ಅಂತ ಅವ್ರು ತಗೋತಾರೆ. ನನ್ ಮೂಗು ಹೋಗೈತೆ ಅಂತ ನಾನೇ ಹೇಳ್ದಿದ್ರೆ ಹೆಂಗೆ, ಮಾರಾಯ್ತಿ?”

ಮಧ್ಯಾಹ್ನ ಖರೀದಿದಾರರು ಬಂದರು. ಮ್ಯಾನೇಜರು ಮೇಡಂ ಕಡೆ ಕೈ ತೋರಿಸಿ, ನಮ್ಮ ಕಂಪನಿಯ ಆಸ್ತಿಯೇ ಇವರು ಎಂದು ಪರಿಚಯಿಸಿದರು. ಮೇಡಂ ಎದ್ದು ನಿಂತರು. ಜ್ವರದ ನಂತರ ತನಗೆ ವಾಸನೆ ತಿಳಿಯುತ್ತಿಲ್ಲ, ಈ ವಾರ ತಾನು ಒಪ್ಪಿದ ಕಾಫಿಯನ್ನೆಲ್ಲ ಬೇರೆಯವರಿಂದ ಮತ್ತೆ ನೋಡಿಸಬೇಕು, ಬೆಳಿಗ್ಗೆಯ ತಪ್ಪನ್ನು ಹಿಡಿದದ್ದು ಈ ಹುಡುಗಿ, ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಮ್ಯಾನೇಜರ ಮುಖ ಬಿಳಿಚಿಕೊಂಡಿತು. ಮೇಡಂ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಬೆಟ್ಟದ ಬುಡದಲ್ಲಿ ನಿಂತು ತಲೆ ಎತ್ತಿ ನೋಡುವಂತೆ ನಾನು ಅವರನ್ನು ನೋಡುತ್ತಿದ್ದೆ. ಇವತ್ತಿಗೂ ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ.

ವಾಸನೆ ಮರಳಲಿಲ್ಲ. ಕಂಪನಿ ಅವರನ್ನು ಗೋಡೌನಿನ ಮೂಲೆಯ ಮೇಜಿಗೆ ಹಾಕಿತು, ಸಂಬಳವನ್ನೂ ಇಳಿಸಿತು. ನನ್ನ ವರ್ಷ ಮುಗಿಯುವವರೆಗೂ ಊಟದ ಬಿಡುವಿನಲ್ಲಿ ಬಂದು ನನಗೆ ಕುಡಿಸಿ, “ಎಲ್ಲಿ ಹಿಡೀತು? ನಾಲ್ಗೆ ತುದೀಲಾ, ಬುಡದಲ್ಲಾ?” ಎಂದು ಕೇಳುತ್ತ ಕೂರುತ್ತಿದ್ದರು. ತಮಗೆ ತಿಳಿಯದ ರುಚಿಯನ್ನು ನನಗೆ ಕಲಿಸಿದರು.

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಈಗ ಇನ್ನೊಂದು ಕಂಪನಿಯಲ್ಲಿ ನಾನೇ ಆ ಮೇಜಿನ ಮುಂದೆ ನಿಲ್ಲುತ್ತೇನೆ. ನೆಗಡಿ, ಜ್ವರ ಬಂದು ಹೋದಾಗಲೆಲ್ಲ ಸಹಾಯಕಿಗೆ ಹೇಳಿ ಒಂದು ಮುಗ್ಗಲು ಬಟ್ಟಲನ್ನು ಉಳಿದವುಗಳ ನಡುವೆ ಇಡಿಸಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಆಮೇಲೆ ತಿರುಗಿ ಒಂದೊಂದನ್ನೇ ಕುಡಿದು ಹುಡುಕುತ್ತೇನೆ. ಇಲ್ಲಿಯವರೆಗೆ ಸಿಕ್ಕಿದೆ. ಸಿಗದ ದಿನ ಯಾರ ಮುಂದೆ ಹೋಗಿ ಏನು ಹೇಳಬೇಕೆಂದು ನನಗೆ ಗೊತ್ತು. ಅವರ ಹಾಗೆ ಧ್ವನಿ ನಡುಗದೆ ಹೇಳಬಲ್ಲೆನೇ ಎಂಬುದಷ್ಟೇ ಗೊತ್ತಿಲ್ಲ.