ಒಳಮೈ ಇಲ್ಲದ ಹೊದಿಕೆ

ಸೋಮನೂರಿನ ಜಾನಮ್ಮನ ಕಣ್ಣಿಗೆ ಬಿದ್ದ ತಪ್ಪು ತಪ್ಪಿಸಿಕೊಂಡು ಹೋದದ್ದೇ ಇಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಅರ್ಧ ಆಯುಷ್ಯ ಚೆಕಿಂಗ್ ಮೇಜಿನ ಮುಂದೆ ನಿಂತು ಕಳೆದವಳು. ಪೀಸು ಕೈಗೆ ಬಂತೋ, ಒಳಮೈ ಹೊರಗೆ ಮಾಡಿ ತಿರುಗಿಸಬೇಕು, ಜೋತುಬಿದ್ದ ನೂಲು ಕತ್ತರಿಸಬೇಕು, ಹೊಲಿಗೆ ಬಿಟ್ಟ ಕಡೆ ಸ್ಟಿಕ್ಕರ್ ಅಂಟಿಸಬೇಕು. ಅಷ್ಟಕ್ಕೇ ಬಿಡುವ ಹೆಂಗಸಾ ಅವಳು? ಕೆಟ್ಟ ಪೀಸನ್ನು ಎತ್ತಿ ಹಿಡಿದು, ಇಡೀ ಸಾಲಿಗೆ ಕೇಳುವ ಹಾಗೆ, ಯಾರಪ್ಪಾ ಈ ಪುಣ್ಯಾತ್ಮ ಅನ್ನುತ್ತಿದ್ದಳು. ಅವಳ ಬಾಯಿಗೆ ಹೆದರಿ ಟೇಲರುಗಳು ತಪ್ಪಾದದ್ದನ್ನು ಬಂಡಲಿನ ಅಡಿಗೆ ತುರುಕುತ್ತಿದ್ದರು.

ಇಂಥವಳ ಕೈಯಿಂದಲೇ ಹಾಗಾಗಿಬಿಟ್ಟಿತು.

ಮಗ ಸೆಂದಿಲ್ ಕುಮಾರ್, ಸೊಸೆ ಗೋಕಿಲಾ ಇರುವುದು ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ. ಅವರ ಕೂಸಿನ ಮೊದಲ ಮಾರ್ಗಳಿ ತಿಂಗಳ ಚಳಿಗೆ ಅಂತ ಜಾನಮ್ಮ ಉಲ್ಲನ್ ಕೈಗವಸು ಹೆಣೆದಳು. ಬಿಳಿ ಗವಸು, ದೃಷ್ಟಿ ತಾಗದಿರಲಿ ಅಂತ ಮೇಲೆ ಕಪ್ಪು ಬೊಟ್ಟುಗಳು. ಒಂದು ಬೊಟ್ಟಿನಿಂದ ಇನ್ನೊಂದಕ್ಕೆ ಕಪ್ಪು ನೂಲು ಒಳಗಡೆ ಸಡಿಲವಾಗಿ ಹಾದುಹೋಗಿತ್ತು. ಊರಿನವರ ಬನಿಯನ್ನನ್ನೆಲ್ಲ ತಿರುಗಿಸಿ ನೋಡಿದವಳು ಇದನ್ನು ಮಾತ್ರ ತಿರುಗಿಸಲಿಲ್ಲ. ಕೈಗೂಸಿನ ಬಟ್ಟೆಯನ್ನು ಕುಂದು ಹುಡುಕುವ ಕಣ್ಣಿಂದ ನೋಡಬಾರದು, ಆ ಕುಂದು ಕೂಸಿಗೇ ಅಂಟುತ್ತದೆ ಅಂತ ಅವಳ ಅತ್ತೆ ಹೇಳಿಕೊಟ್ಟಿದ್ದರು. ಆ ಮನೆಯಲ್ಲಿ ಅದು ಪದ್ಧತಿ. ಜಾನಮ್ಮ ಕಣ್ಣುಮುಚ್ಚಿ ಪಾಲಿಸಿದಳು.

ಜಾನಮ್ಮ ಸಿಂಗಾನಲ್ಲೂರಿಗೆ ಬಂದು ಗವಸು ತೊಡಿಸಿದ ಮಾರನೆಯ ಬೆಳಿಗ್ಗೆ ಕೂಸು ಅಳಲಿಕ್ಕೆ ಶುರುಮಾಡಿದ್ದು ನಿಲ್ಲಿಸಲೇ ಇಲ್ಲ. ಗೋಕಿಲಾ ಗವಸು ಎಳೆದು ತೆಗೆದರೆ, ದೇವರೇ, ಕಿರುಬೆರಳು ನೇರಳೆಹಣ್ಣಿನ ಬಣ್ಣಕ್ಕೆ ಊದಿಕೊಂಡಿತ್ತು. ಬುಡದಲ್ಲಿ ಮಾಂಸದೊಳಗೆ ಹೂತುಹೋದ ಒಂದು ಕಪ್ಪು ಗೆರೆ. ಆಟೋದಲ್ಲಿ ಆಸ್ಪತ್ರೆಗೆ ಓಡುವಾಗ ಸೆಂದಿಲ್ ಗವಸನ್ನು ತಿರುಗಿಸಿ ನೋಡಿದ. ಒಳಗೆ ಅಡ್ಡಡ್ಡ ಕಪ್ಪು ನೂಲು, ಅದರಲ್ಲಿ ಒಂದೆಳೆ ಹರಿದಿತ್ತು. ಅದನ್ನು ಅಮ್ಮನ ಮಡಿಲಿಗೆ ಎಸೆದ. ಡಾಕ್ಟರಮ್ಮ ಕೂಸನ್ನೂ ಗೋಕಿಲಾಳನ್ನೂ ಮಾತ್ರ ಒಳಗೆ ಕರೆದುಕೊಂಡರು. ಬೆರಳು ಉಳಿಯಿತು. ಹೊರಗೆ ಬಂದಾಗ ಗೋಕಿಲಾ ಅತ್ತೆಯ ಮುಖ ನೋಡಲಿಲ್ಲ.

"ಅಮ್ಮಾ, ಇನ್ನು ನೀನು ಹೆಣೆದದ್ದು ಯಾವುದೂ ನನ್ನ ಮಗುವಿನ ಮೈಗೆ ತಾಗಬಾರದು," ಅಂದ ಸೆಂದಿಲ್.

ಜಾನಮ್ಮ ಸಿಡಿಲು ಬಡಿದವಳ ಹಾಗೆ ಸೋಮನೂರಿಗೆ ವಾಪಸು ಬಂದಳು. ಆಮೇಲೆ ಸಿಂಗಾನಲ್ಲೂರಿಗೆ ಹೋದಾಗಲೆಲ್ಲ ಕೂಸನ್ನು ಎತ್ತಿಕೊಳ್ಳಲಿಕ್ಕೆ ಕೈ ಬರುತ್ತಿರಲಿಲ್ಲ. ಗೋಕಿಲಾ ಕಾಫಿ ಕೊಡುತ್ತಿದ್ದಳು, ಊಟಕ್ಕೆ ಬಡಿಸುತ್ತಿದ್ದಳು, ಕಣ್ಣು ಮಾತ್ರ ನೆಲದ ಮೇಲೆ. ಯಾವಾಗ ನೋಡಿದರೂ ತಲೆಗೊಂದು ಟವೆಲ್ ಬಿಗಿದುಕೊಂಡಿರುತ್ತಿದ್ದಳು. ಒದ್ದೆ ತಲೆಯಲ್ಲಿ ಹಾಗೆ ಇದ್ದರೆ ಶೀತ ಆಗಲ್ವಾ ಅಂತ ಕೇಳಬೇಕೆನಿಸಿದರೂ ಜಾನಮ್ಮ ನುಂಗಿಕೊಂಡಳು. ಯಾವ ಮುಖ ಇಟ್ಟುಕೊಂಡು ಕೇಳುವುದು?

ಹೀಗಿರುವಾಗ ಸೋಮನೂರಿನಲ್ಲಿ ಅವಳ ಪಕ್ಕದ ಬೀದಿಗೆ ಕಮಲಾತಾಳ್ ಎಂಬ ಮುದುಕಿ ಬಾಡಿಗೆಗೆ ಬಂದಳು. ಕೂನೂರಿನಲ್ಲಿ ಹೆಣಿಗೆ ಕಲಿಸುತ್ತಿದ್ದವಳು. ಅವಳ ಹೆಗಲ ಮೇಲಿದ್ದ ಶಾಲನ್ನು ಜಾನಮ್ಮ ಹಳೇ ಚಾಳಿಯಂತೆ ಕೇಳದೆಯೇ ತಿರುಗಿಸಿ ನೋಡಿದಳು. ಈ ಕಡೆ ಬಿಳಿಯ ಮೇಲೆ ನೀಲಿ ಹೂವು, ಆ ಕಡೆ ನೀಲಿಯ ಮೇಲೆ ಬಿಳಿ ಹೂವು. ಎರಡೂ ಮೇಲ್ಮೈಯೇ! ಮತ್ತೆ ತಿರುಗಿಸಿದಳು, ಮತ್ತೆಯೂ ಮೇಲ್ಮೈ. ಒಂದು ಅಡ್ಡ ನೂಲಿಲ್ಲ, ಒಂದು ಗಂಟಿಲ್ಲ. ಜಾನಮ್ಮ ದಂಗಾಗಿ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಬಟ್ಟೆಯ ಜೊತೆ ಬಾಳಿದವಳಿಗೆ ಕೈಯಲ್ಲಿ ಹೀಗೂ ಹೆಣೆಯಬಹುದು ಅಂತ ಗೊತ್ತಿರಲಿಲ್ಲ.

ಕಲಿಸು ಅಂತ ದುಂಬಾಲು ಬಿದ್ದಳು. ಕಮಲಾತಾಳ್ ಒಪ್ಪಿದಳು, ಆದರೆ ಕಾಟ ಕೊಟ್ಟೇ ಕಲಿಸಿದಳು. ಒಂದೇ ಸಲಕ್ಕೆ ಎರಡು ಪದರು ಹೆಣೆಯುವ ಕೆಲಸ, ಎರಡು ಬಣ್ಣದ ನೂಲು ಒಟ್ಟಿಗೆ ನಡೆಯಬೇಕು. ಮುಂದಿನ ಪದರಿಗೆ ಒಂದು ಕುಣಿಕೆ ಹಾಕುವಾಗ ಎರಡೂ ನೂಲು ಹಿಂದಕ್ಕೆ ಹೋಗಬೇಕು, ಹಿಂದಿನ ಪದರಿಗೆ ಇನ್ನೊಂದು ಹಾಕುವಾಗ ಎರಡೂ ಮುಂದಕ್ಕೆ ಬರಬೇಕು. ಒಂದೇ ನೂಲನ್ನು ತಂದು ಇನ್ನೊಂದನ್ನು ಮರೆತರೆ ಅದು ಬಟ್ಟೆಯ ಮುಖದ ಮೇಲೇ ಅಡ್ಡ ಬೀಳುತ್ತದೆ. ಜಾನಮ್ಮ ಮರೆತಳು, ಬಿಚ್ಚಿದಳು, ಮತ್ತೆ ಮರೆತಳು. ಎಲ್ಲರ ತಪ್ಪನ್ನೂ ಎತ್ತಿ ತೋರಿಸಿದವಳ ತಪ್ಪನ್ನು ಈಗ ಕಮಲಾತಾಳ್ ಬೀದಿಗೆಲ್ಲ ಕೇಳುವ ಹಾಗೆ ಎತ್ತಿ ತೋರಿಸಿ ನಗುತ್ತಿದ್ದಳು. ಅವಮಾನಕ್ಕೆ ಜಾನಮ್ಮನ ಕಿವಿ ಬಿಸಿಯಾಗುತ್ತಿತ್ತು. ಆದರೂ ಬಿಡಲಿಲ್ಲ. ಕೂಸಿನ ಮೈಮೇಲೆ ತಾನು ಹೆಣೆದದ್ದು ಒಂದಾದರೂ ಇರಬೇಕು, ಇಲ್ಲದಿದ್ದರೆ ತಾನು ಎಂಥ ಅಜ್ಜಿ ಅನ್ನುವುದೊಂದೇ ತಲೆಯಲ್ಲಿತ್ತು.

ಆಡಿ ತಿಂಗಳ ಗಾಳಿ ಬೀಸುವ ಹೊತ್ತಿಗೆ ಕೂಸಿಗೆಂದು ಹೆಣೆಯುತ್ತಿದ್ದ ಹೊದಿಕೆ ಮುಗಿಯಿತು. ಈ ಸಲ ಅತ್ತೆಯ ಪದ್ಧತಿಯನ್ನು ಮೂಲೆಗೆ ತಳ್ಳಿ, ಇಂಚಿಂಚೂ ತಿರುಗಿಸಿ, ಬೆರಳಿಂದ ಕೆದಕಿ ನೋಡಿದಳು. ಒಂದು ಭಾನುವಾರ ಬಸ್ಸು ಹತ್ತಿದಳು.

ಸೆಂದಿಲ್ ಮನೆಯಲ್ಲಿರಲಿಲ್ಲ. ಕೂಸು ಚಾಪೆಯ ಮೇಲೆ ಕೂತು ಆಡುತ್ತಿತ್ತು. ಜಾನಮ್ಮ ಹೊದಿಕೆಯನ್ನು ಸೊಸೆಯ ಮುಂದೆ ಹರಡಿದಳು.

"ನೀನೇ ಚೆಕ್ ಮಾಡು ಕಣಮ್ಮಾ. ಎಲ್ಲಿ ಬೇಕಾದ್ರೂ ತಿರುಗಿಸಿ ನೋಡು. ಇದಕ್ಕೆ ಒಳಮೈ ಅಂತಾನೇ ಇಲ್ಲ. ಪಾಪನ ಬೆರಳಿಗೆ ಸಿಗೋ ನೂಲು ಒಂದೂ ಇಲ್ಲ. ಆವತ್ತಿಂದ ನನಗೆ ಪಾಪನ್ನ ಮುಟ್ಟೋಕೇ ಭಯ."

ಗೋಕಿಲಾ ಹೊದಿಕೆ ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು. ಆಮೇಲೆ ಅದರಲ್ಲೇ ಮುಖ ಮುಚ್ಚಿಕೊಂಡು ಅಳಲಿಕ್ಕೆ ಶುರುಮಾಡಿದಳು.

"ಅದು ನೂಲಲ್ಲ ಅತ್ತೆ," ಅಂದಳು. "ನನ್ನ ಕೂದಲು."

ಜಾನಮ್ಮನಿಗೆ ಅರ್ಥವಾಗಲಿಲ್ಲ. ಗೋಕಿಲಾ ತಡವರಿಸುತ್ತ ಹೇಳಿದಳು. ಡಾಕ್ಟರಮ್ಮ ಬೆರಳಿನಿಂದ ಬಿಡಿಸಿ ತೋರಿಸಿದ್ದು ಉದ್ದನೆಯ ಕೂದಲು. ಹೆರಿಗೆಯಾದ ಮೇಲೆ ಕೂದಲು ಉದುರುತ್ತೆ, ಅದು ಹೀಗೆ ಮಕ್ಕಳ ಬೆರಳಿಗೆ ಸುತ್ತಿಕೊಳ್ಳೋದುಂಟು, ಜೋಪಾನ ಅಂದಿದ್ದರಂತೆ. ಗವಸಿನ ನೂಲು ಹರಿದದ್ದು ಅವಳು ಗಾಬರಿಯಲ್ಲಿ ಎಳೆದದ್ದಕ್ಕೆ. ಹೊರಗೆ ಬಂದು ಹೇಳುವಷ್ಟರಲ್ಲಿ ಗಂಡ ಅಮ್ಮನ ಮೇಲೆ ಉರಿದು ಬೀಳುತ್ತಿದ್ದ. ಬಾಯಿ ಕಟ್ಟಿಹೋಯಿತು. ಆವತ್ತಿನಿಂದಲೇ ಟವೆಲ್ಲು.

ಮಾರ್ಗಳಿಯಿಂದ ಆಡಿಯವರೆಗೆ, ಏಳು ತಿಂಗಳು! ಮಗ ಎಸೆದ ಗವಸು, ಕೂಸನ್ನು ಎತ್ತಿಕೊಳ್ಳದೆ ವಾಪಸು ಬಂದ ಭಾನುವಾರಗಳು, ಎಲ್ಲವೂ ಜಾನಮ್ಮನ ಮೇಲೆ ಒಟ್ಟಿಗೆ ನುಗ್ಗಿದವು. ಸೊಸೆಯ ಕೆನ್ನೆಗೆ ಬಾರಿಸಲಿಕ್ಕೆ ಕೈ ಎತ್ತಿಯೇಬಿಟ್ಟಳು.

"ಆವತ್ತೇ ಹೇಳಿದ್ರೆ ನೀವು ಬಿಡ್ತಿದ್ರಾ ಅತ್ತೆ?" ಅಂದಳು ಗೋಕಿಲಾ.

ಎತ್ತಿದ ಕೈ ಹಾಗೇ ನಿಂತಿತು. ಬಿಡುತ್ತಿರಲಿಲ್ಲ. ಕಂಡವರ ಮದುವೆ ಮನೆಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು. ತಲೆ ಬಾಚಿಕೊಳ್ಳಲಿಕ್ಕೂ ಬಾರದ ಸೊಸೆ, ಕೂಸಿನ ಬೆರಳನ್ನೇ ಕಳೆದುಬಿಡುತ್ತಿದ್ದಳು ಅಂತ. ತನ್ನ ಬಾಯಿ ತನಗೆ ಗೊತ್ತಿಲ್ಲವೇ? ಬಂಡಲಿನ ಅಡಿಗೆ ಪೀಸು ತುರುಕುತ್ತಿದ್ದ ಟೇಲರುಗಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕೂದಲಿನ ಸುದ್ದಿಗಿಂತ ಇದು ಅವಳನ್ನು ಹೆಚ್ಚು ಬೆಚ್ಚಿಬೀಳಿಸಿತು.

ಎತ್ತಿದ ಕೈಯಿಂದಲೇ ಜಾನಮ್ಮ ಸೊಸೆಯ ತಲೆಯ ಟವೆಲ್ ಬಿಚ್ಚಿದಳು. ಕೂದಲು ಅರ್ಧಕ್ಕರ್ಧ ತೆಳುವಾಗಿತ್ತು. ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಚಾಪೆಯ ಮೇಲೆ ಬಿದ್ದ ಒಂದೊಂದು ಕೂದಲನ್ನೂ ಹುಡುಕಿ ಆರಿಸಿದಳು. ಕೂಸಿನ ಬೆರಳುಗಳನ್ನು ಬಿಡಿಸಿ ನೋಡಿ, ಹೊದಿಕೆ ಹೊದಿಸಿದಳು.

ಅಷ್ಟರಲ್ಲಿ ಸೆಂದಿಲ್ ಬಂದ. ಹೊದಿಕೆ ಕಂಡದ್ದೇ ಅವನ ಮುಖ ಕೆಂಪಾಯಿತು. ಹೇಳಿರಲಿಲ್ವಾ ಅಮ್ಮಾ ಅನ್ನುತ್ತ ಬಗ್ಗಿ ಅದರ ಮೂಲೆ ಹಿಡಿದೆಳೆದ.

"ಬಿಡಿ," ಅಂದಳು ಗೋಕಿಲಾ. "ಆವತ್ತು ಬೆರಳಿಗೆ ಸುತ್ತಿದ್ದು ನನ್ನ ಕೂದಲು. ಅತ್ತೆಯ ನೂಲಲ್ಲ."

ಸೆಂದಿಲ್ ಹೆಂಡತಿಯ ಕಡೆ ತಿರುಗಿದ. ಹುಬ್ಬು ಮೇಲೇರಿತು, ಗದ್ದ ಮುಂದೆ ಬಂತು, ಕೇರಿಗೆಲ್ಲ ಕೇಳುವ ಹಾಗೆ ಕೂಗಲಿಕ್ಕೆ ಬಾಯಿ ತೆರೆಯಿತು. ಚೆಕಿಂಗ್ ಮೇಜಿನ ಮುಂದೆ ತಾನು ಹೇಗೆ ನಿಲ್ಲುತ್ತಿದ್ದೆ ಅನ್ನುವುದನ್ನು ಜಾನಮ್ಮ ಮೊದಲ ಸಲ ಕಣ್ಣಾರೆ ಕಂಡಳು.

"ಹೆತ್ತವಳ ಕೂದಲು ಉದುರೋದು ತಪ್ಪಲ್ಲ ಕಣೋ," ಅಂದಳು. "ಬಾಯಿ ಮುಚ್ಕೊಂಡು ಪಾಪನ್ನ ಎತ್ಕೋ."

ಅವನು ಇಬ್ಬರನ್ನೂ ನೋಡಿದ. ಹೊದಿಕೆಯ ಮೂಲೆ ಇನ್ನೂ ಅವನ ಕೈಯಲ್ಲಿತ್ತು. ನಿಧಾನವಾಗಿ ಅದನ್ನು ಕೂಸಿನ ಹೆಗಲ ಮೇಲೆ ಎಳೆದು, ಹೊದಿಕೆಯ ಸಮೇತ ಎತ್ತಿಕೊಂಡ.